ಕಾವಲು ಕಾಲುವೆಯಾದದ್ದು

೧೯೭೮ರಲ್ಲಿ, ಏಳನೇ ಕ್ಲಾಸಿನ ನಡುವೆ ನಾನು ಓದು ಬಿಟ್ಟೆ. ಅಲ್ಲಿಂದ ಮೈಮುರಿದು ದುಡಿದು ಬೋರ್ ಕೊರೆಯುವ ಕೆಲಸ ಕಲಿತೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ತೋರಿಸುವವರನ್ನೂ ದೆವ್ವ ಕಂಡೆ ಎನ್ನುವವರನ್ನೂ ಒಂದೇ ತಕ್ಕಡಿಗೆ ಹಾಕಿ ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೂ ಸರಿ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

೨೦೦೨ರ ಬೇಸಿಗೆ. ಮಳೆನೀರು ಎಲ್ಲಿ ಎಷ್ಟು ಇಂಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ತಂಡವೊಂದು ಚಳ್ಳಕೆರೆಗೆ ಬಂದಿತ್ತು. ನಕ್ಷೆಯಲ್ಲಿ ಹೊಲಕ್ಕೊಂದು ಬಣ್ಣ, ಬೀಳಿಗೊಂದು, ಗುಡ್ಡಕ್ಕೊಂದು, ಕೆರೆ ಕಾಲುವೆಗೊಂದು. ಬಣ್ಣ ನೋಡಿ ಯಂತ್ರ ಲೆಕ್ಕ ಹೇಳುತ್ತದಂತೆ! ನೆಲದ ಗುರುತು ಹೇಳಲು ನನ್ನನ್ನು ಕರೆದೊಯ್ದರು. ಬೂಟು ಕೊಳೆಯಾದೀತೆಂದು ಜೀಪಿನಿಂದ ಇಳಿಯದ ಜನ. ನಾನು ಹೊರಗೆ ನಿಂತು ಕೂಗಿದ್ದನ್ನು ರಾಯದುರ್ಗದ ಕಡೆಯ ಎಂಜಿನಿಯರೊಬ್ಬ ಒಳಗೇ ಕೂತು ಬರೆದುಕೊಂಡ.

ನನ್ನಿವಾಳ ಊರಿನ ಆಚೆಯ ಹಟ್ಟಿಯೊಂದಕ್ಕೆ ಕುಡಿಯುವ ನೀರಿಗೆ ಒಂದೇ ಬೋರ್ ಮಂಜೂರಾಗಿತ್ತು. ಅದು ತಪ್ಪಿದರೆ ಇನ್ನೊಂದಿಲ್ಲ. ಹೆಂಗಸರು ಎಂದಿನಂತೆ ಎರಡು ಮೈಲಿ ಹೊರಬೇಕು. ಹಳ್ಳದ ದಂಡೆಯಲ್ಲಿ ಕೊರೆಯೋಣ ಎಂದೆ. ಎಂಜಿನಿಯರು ನಕ್ಷೆ ಬಿಡಿಸಿ ಬಟಾಬಯಲಿನ ಮೇಲೆ ಬೆರಳಿಟ್ಟ.

“ಇಲ್ಲಿ ಕಾಲುವೆ ಐತೆ ಕದಾ? ನೀರು ಚೆನ್ನಾಗಿ ಇಂಗಿರುತ್ತೆ. ನೀವೇ ಬರೆಸಿದ್ರಲ್ಲ.”

“ನಾ ಹೇಳಿದ್ದು ಕಾವಲು ಕಣ್ರೀ ಸ್ವಾಮಿ! ದನ ಮೇಯೋ ಬಯ್ಲು. ನಿಮ್ಮ ತೆಲುಗು ಕಿವಿಗೆ ಕಾಲುವ ಅಂತ ಕೇಳಿದ್ರೆ ಇಲ್ಲಿ ನೀರು ಹರೀತೈತೇನು?”

ಅವನ ಮುಖ ಕೆಂಪಾಯಿತು. ಆದರೆ ಮೇಲಿನವರು ಸಹಿ ಹಾಕಿದ ಜಾಗ. “ಅಲ್ಲೇ ಹೊಡೀರಿ” ಎಂದ.

ಹಟ್ಟಿಯ ಓಬಜ್ಜಿ ಬಿಂದಿಗೆ ಹಿಡಿದು ನಿಂತಿದ್ದಳು. “ಏನ್ರಪ್ಪಾ, ನೀವಿಬ್ರೂ ಹಿಂಗೆ ಕಿತ್ತಾಡ್ಕೊಂಡು ನಮ್ಮ ಬಾಯಿಗೆ ಮಣ್ಣು ಹಾಕ್ತೀರೇನು?”

ಉರಿಬಿಸಿಲಿನ ಮಧ್ಯಾಹ್ನ. ಇನ್ನೂರು ಅಡಿಯವರೆಗೂ ಬರೀ ಕಲ್ಲಿನ ಪುಡಿ. ಎಂಜಿನಿಯರನ್ನು ನೋಡಿ ನಾನು ಬಾಯ್ತುಂಬ ನಗುತ್ತಿದ್ದೆ. ಇನ್ನೂರ ಹತ್ತರಲ್ಲಿ ನೀರು ಚಿಮ್ಮಿತು. ಅಷ್ಟೇ ಆಗಿದ್ದರೆ ಕಾಕತಾಳೀಯ ಎಂದು ಸುಮ್ಮನಾಗುತ್ತಿದ್ದೆ. ನೀರಿನ ಜೊತೆ ಗೇಣುದ್ದದ ಹಸಿ ಜೊಂಡೊಂದು ಬಂದು ನನ್ನ ಕಾಲ ಬಳಿ ಬಿತ್ತು. ಕಾಲುವೆ ದಂಡೆಯಲ್ಲಿ ಬೆಳೆಯುವ ಜೊಂಡು, ಬೇರಿನಲ್ಲಿ ಕಪ್ಪು ಕೆಸರು. ಕಲ್ಲನ್ನೇ ಹಿಟ್ಟು ಮಾಡುವ ಡ್ರಿಲ್ ಬಿಟ್ ಅದನ್ನು ಹೇಗೆ ಉಳಿಸಿತು?

ಓಬಜ್ಜಿ ಎತ್ತಿಕೊಂಡು ಮೂಸಿದಳು. “ನಮ್ಮ ಕಾವಲಾಗೆ ಈ ಹುಲ್ಲು ನಾ ಕಂಡೇ ಇಲ್ಲ ಬಿಡಪ್ಪ” ಎಂದು ಬಿಂದಿಗೆ ತುಂಬಿಕೊಂಡು ಹೋದಳು.

ಎಂಜಿನಿಯರು ತಪ್ಪು ತಿದ್ದಿ ಮತ್ತೆ ಲೆಕ್ಕ ಹಾಕಿಸಿದ. ಆ ಜಾಗದಲ್ಲಿ ಇಂಗುವುದು ತೀರ ಕಡಿಮೆ ಎಂದು ಬಂತು. ನಾನು ಹಟ ಬಿಡದೆ ಹಳ್ಳದ ದಂಡೆಯಲ್ಲಿ ಸ್ವಂತ ಖರ್ಚಿನಿಂದ ಕೊರೆದೆ. ಒಣ ಪುಡಿ. ಹಟ್ಟಿಯವರು ಇಂದಿಗೂ ಕಾವಲಿನ ನೀರನ್ನೇ ಕುಡಿಯುತ್ತಾರೆ.

ಜೀಪಿನಿಂದ ಇಳಿಯದ ಆ ಜನರ ಮೇಲೆ ನನಗಿರುವ ತಾತ್ಸಾರ ಒಂದು ಗುಂಜಿಯೂ ಇಳಿದಿಲ್ಲ. ಈಗ ನನಗಿರುವುದು ಎರಡು ಬೋರ್ ಲಾರಿ, ಆರು ಎಕರೆ ಹೊಲ, ಒಂದು ಮನೆ. ಕೊರೆದ ಬೋರು ಸಾವಿರದ ಮೇಲೆ. ಜೊಂಡು ಬಂದದ್ದು ಒಂದರಲ್ಲಿ.