ಕಂಪ್ಲಿಯ ಗೃಹಪ್ರವೇಶದಲ್ಲಿ ನಮ್ಮ ರಾಕ್

ನಮ್ಮ ಹಾರ್ಡ್ ರಾಕ್ ಬ್ಯಾಂಡನ್ನು ಕಂಪ್ಲಿಯ ಅಕ್ಕಿ ಮಿಲ್ಲಿನ ಸಾಹುಕಾರರು ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಸಿದ್ದರು. ನಮ್ಮ ಡ್ರಮ್ಮರನ ಸೋದರಮಾವ ಅವರು. ನಾನು ಕಣ್ಣು ಮುಚ್ಚಿ, ನಾವೇ ಕಟ್ಟಿದ ಹಾಡನ್ನು ಗಂಟಲು ಹರಿಯುವಂತೆ ಕಿರುಚಿದೆ: “ಈ ವ್ಯವಸ್ಥೆ ಸರಿಯಿಲ್ಲ! ಸರಿಯಿಲ್ಲ!”

ಕಣ್ಣು ಬಿಟ್ಟರೆ ಸಾಹುಕಾರರು ಎದುರಿಗೇ ಕೈಮುಗಿದು ನಿಂತಿದ್ದರು.

“ತಮ್ಮಾ, ಬೀಗರ ಮುಂದ ಹಂಗ ಒದರಬ್ಯಾಡ್ರಿ. ಏನು ಕಮ್ಮಿ ಆಗೇತಿ ಹೇಳ್ರಿ, ಜಲ್ದಿ ಮಾಡಸ್ತೀನಿ.”

“ನಿಮ್ಮ ಮನಿ ವ್ಯವಸ್ಥೆ ಅಲ್ಲರೀ, ಇದು ದೇಶದ್ದು,” ಅಂದೆ.

“ದೇಶದ್ದು ಆಮ್ಯಾಲ ನೋಡೂಣು. ಮೊದಲ ಉಣ್ಣಾಕ ಬರ್ರಿ.”

ನಮ್ಮನ್ನೆಲ್ಲ ಬೀಗರ ಪಕ್ಕದಲ್ಲೇ ಕೂರಿಸಿ, ತುಪ್ಪ ಸುರಿದು ಹೋಳಿಗೆ ಬಡಿಸಿದರು. ಆಮೇಲೆ ವೇದಿಕೆ ಹತ್ತಿ ಅದೇ ಹಾಡು ಹಾಡಿದೆ. ಎಷ್ಟು ಒದರಿದರೂ ಸಿಟ್ಟು ಬರಲಿಲ್ಲ. ಬಂದದ್ದು ತೇಗು, ಅದೂ ಮೈಕಿನಲ್ಲಿ.