ತಟ್ಟೆಯಕ್ಕ ತಿದ್ದಿದ ವೇಗ

ಬೆಳಗಿನ ಐದೂವರೆ. ಗ್ರಂಥಾಲಯದ ಹಿಂಬಾಗಿಲ ಬೀಗ ತೆಗೆದು, ಚಪ್ಪಲಿ ಹೊರಗೇ ಬಿಟ್ಟು, ತಟ್ಟೆಯಕ್ಕ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಾರೆ. ಬೀದಿಯಲ್ಲಿ ಬಸ್ಸುಗಳು ಇನ್ನೂ ಹೊರಟಿಲ್ಲ. ಹೊರಟರೆ ನೆಲ ಸಣ್ಣಗೆ ನಡುಗುತ್ತದೆ, ಆ ನಡುಕ ಗ್ರಾಮಫೋನಿನ ಮುಳ್ಳಿಗೂ ತಾಗುತ್ತದೆ. ಅದಕ್ಕೇ ಈ ಹೊತ್ತು. ಹಾಳೆಯ ಲಕೋಟೆಯಿಂದ ಕಪ್ಪು ತಟ್ಟೆಯೊಂದನ್ನು ಅಂಚು ಹಿಡಿದು ತೆಗೆಯುತ್ತಾರೆ. ಮೆತ್ತನೆಯ ಬ್ರಷ್ಷಿನಿಂದ ಗೆರೆಗಳ ಗುಂಟ ಸುತ್ತಿಸಿ ತೊಳೆದು, ನಡುವಿನ ಕಾಗದದ ಚೀಟಿಗೆ ಒಂದು ಹನಿಯೂ ತಾಗದಂತೆ ಒರೆಸಿ, ದೀಪಕ್ಕೆ ಹಿಡಿದು ನೋಡುತ್ತಾರೆ. “ಸ್ಪಿರಿಟ್ಟು ಹಾಕಿದ್ರೆ ಬೇಗ ಹೊಳೆಯುತ್ತೆ ಅಂತಾರೆ. ಇದು ಅರಗಿನ ತಟ್ಟೆ. ಸ್ಪಿರಿಟ್ಟಿಗೆ ಹಾಡೇ ಕರಗಿ ಹೋಗುತ್ತೆ” ಎಂದು ನಗುತ್ತಾರೆ.

ಹೆಸರು ಹಿಡಿದು ಕೂಗುವವರು ಇಲ್ಲಿ ಯಾರೂ ಇಲ್ಲ. ಕಾವಲುಗಾರನಿಂದ ಹಿಡಿದು ಗ್ರಂಥಪಾಲಕಿಯವರೆಗೆ ಎಲ್ಲರಿಗೂ ಅವರು ತಟ್ಟೆಯಕ್ಕ. ಮನೆಯಲ್ಲಿ ಅತ್ತೆಯ ತಕರಾರು ಬೇರೆ: “ಮನೆ ತಟ್ಟೆ ನಂಗೆ ಬಿಟ್ಟು, ಊರ ತಟ್ಟೆ ತೊಳೆಯೋಕೆ ಓಡ್ತಾಳೆ ನೋಡಿ!” ಹಾಗೆಂದು ಗೊಣಗುವ ಅತ್ತೆಯೇ ಎಪ್ಪತ್ತೆಂಟರ ವಯಸ್ಸಿನಲ್ಲಿ ನಾಲ್ಕೂವರೆಗೆ ಎದ್ದು, ಸೊಸೆಯ ಚೀಲಕ್ಕೆ ಬಿಸಿ ಚಹಾದ ಫ್ಲಾಸ್ಕು ಇಡುತ್ತಾರೆ.

ತಟ್ಟೆಯಕ್ಕನಿಗೆ ಈಗ ಐವತ್ತೊಂದು. ಗಂಡ ತೀರಿಕೊಂಡ ಮೇಲೆ ಸಮವಸ್ತ್ರ ಹೊಲಿಯುವ ಶೆಡ್ಡೊಂದರಲ್ಲಿ ಹದಿನೇಳು ವರ್ಷ ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರದ ಮುಂದೆ ಕೂತವರು. ಶೆಡ್ಡು ಮುಚ್ಚಿತು. ಹನ್ನೊಂದು ವರ್ಷದ ಹಿಂದೆ ಗ್ರಂಥಾಲಯಕ್ಕೆ ಕಸ ಗುಡಿಸಲು ಬಂದರು. ನೆಲಮಾಳಿಗೆಯ ಧ್ವನಿ ಕೋಣೆಯಲ್ಲಿದ್ದ ಹಿರಿಯ ತಂತ್ರಜ್ಞರು ಇವರ ಕೈ ನೋಡಿದರು. ಕಪಾಟು ಒರೆಸುವಾಗ ಒಂದು ತಟ್ಟೆಯೂ ಇನ್ನೊಂದಕ್ಕೆ ತಗಲುತ್ತಿರಲಿಲ್ಲ. “ಪೊರಕೆ ಆಮೇಲೆ ಹಿಡಿಯಮ್ಮ, ಮೊದಲು ಇದನ್ನ ಹಿಡಿ” ಎಂದು ತೊಳೆಯಲು ಕಲಿಸಿದರು, ನುಡಿಸಲು ಕಲಿಸಿದರು, ಕಂಪ್ಯೂಟರಿಗೆ ಇಳಿಸಲು ಕಲಿಸಿದರು. ಅವರು ನಿವೃತ್ತರಾದಾಗ ಬೀಗದ ಕೈ ಇವರ ಕೈಗೆ ಬಂತು. ಕೆಲಸ ಇಂದಿಗೂ ಹಂಗಾಮಿ. ವರ್ಷಕ್ಕೊಮ್ಮೆ ಮೇಲಿನವರು ರುಜು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕೋಣೆಯಲ್ಲಿರುವುದು ಆರು ಸಾವಿರದ ಮುನ್ನೂರು ತಟ್ಟೆ. ದಿನಕ್ಕೆ ಹನ್ನೆರಡು ತೊಳೆದು, ನಾಲ್ಕೈದರ ಹಾಡು ಇಳಿಸುತ್ತಾರೆ. ಬಹುಪಾಲು ದೂರದೇಶದ ಹಳೆಯ ಹಾಡು, ಭಾಷೆ ತಟ್ಟೆಯಕ್ಕನಿಗೆ ಅರೆಬರೆ. “ಮಾತು ತಿಳಿಯಲ್ಲ, ಆದ್ರೆ ಯಾರು ಹೊಟ್ಟೆ ತುಂಬಾ ಉಂಡು ಹಾಡ್ತಿದಾರೆ, ಯಾರು ಹಸಿದು ಹಾಡ್ತಿದಾರೆ ಅಂತ ತಿಳಿಯುತ್ತೆ” ಎನ್ನುತ್ತಾರೆ.

ಈ ಹಾಡುಗಳಿಗಾಗಿ ಮಹಡಿಯ ಸಭಾಂಗಣದಲ್ಲಿ ಯುದ್ಧವೇ ನಡೆಯುತ್ತದೆ. ತಿಂಗಳ ಮೂರನೇ ಶನಿವಾರ ಸಂಜೆ ನಲವತ್ತು ಮಂದಿ ಸೇರುತ್ತಾರೆ. ವಿಷಯ ಒಂದೇ: ರಾಕ್ ಸಂಗೀತ ಎಲ್ಲಿಂದ ಹುಟ್ಟಿತು? ಒಂದು ಕಡೆ ನಿವೃತ್ತ ಸಂಗೀತದ ಮೇಷ್ಟ್ರು. ಹೊಲಗಳಲ್ಲಿ ದುಡಿದ ಕಪ್ಪು ಜನರ ಬ್ಲೂಸ್ ಹಾಡೇ ತಾಯಿ, ಅದು ನಿಧಾನದ ನೋವಿನ ಹಾಡು, ಅದರ ಕಾಲಿಗೆ ಓಟ ಕಲಿಸಿದ್ದು ಆಮೇಲೆ ಬಂದ ವಿದ್ಯುತ್ ಗಿಟಾರು ಎಂದು ಅವರ ವಾದ. ಇನ್ನೊಂದು ಕಡೆ ಡ್ರಮ್ ಅಂಗಡಿಯ ಯಜಮಾನ. “ಗಿಟಾರಿಗೆ ಕರೆಂಟು ಬರೋಕೆ ಮುಂಚೇನೇ ಪ್ರಾರ್ಥನಾ ಮಂದಿರದಲ್ಲಿ ಚಪ್ಪಾಳೆ ಹೊಡೀತಿದ್ರಲ್ಲ ಮೇಷ್ಟ್ರೇ, ಕುಣಿಯೋ ಮನೆಗಳಲ್ಲಿ ಪಿಯಾನೋ ನುಡಿಸೋರ ಎಡಗೈ ತಾಳಕ್ಕೆ ಉರುಳ್ತಿತ್ತಲ್ಲ, ಅದೇನು ಜೋಗುಳಾನಾ?” ಎಂದು ಆತ ಕೆಣಕುತ್ತಾರೆ. ಇಬ್ಬರೂ ಪಟ್ಟು ಬಿಡುವವರಲ್ಲ. ಮುಗಿದ ಮೇಲೆ ಒಂದೇ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಾರೆ, ಅದು ಬೇರೆ ಮಾತು.

ಮೇಷ್ಟ್ರ ಬತ್ತಳಿಕೆಯಲ್ಲಿ ಗ್ರಂಥಾಲಯದ್ದೇ ಒಂದು ತಟ್ಟೆಯಿತ್ತು. ಚೀಟಿ ಹರಿದು ಹೋಗಿ ಹಾಡಿದವರ ಹೆಸರೇ ಇಲ್ಲ. ಪಿಯಾನೋ, ಒಂದು ದನಿ, ಹಲಗೆಯ ಮೇಲೆ ತಾಳ ಹಾಕುವ ಕಾಲು. ತಟ್ಟೆಯಕ್ಕ ಇಳಿಸಿಕೊಟ್ಟ ಪ್ರತಿಯನ್ನು ಕೇಳಿ ಅವರು ಲೇಖನ ಬರೆದಿದ್ದರು. ‘ಬದುಕಿನಿಂದ ಬಳಲಿದ ಗಂಡಸೊಬ್ಬನ ಭಾರವಾದ ದನಿ, ಎಳೆದು ಹಾಕುವ ಹೆಜ್ಜೆ’ ಎಂದು ವರ್ಣಿಸಿದ್ದರು. ಈ ವರ್ಷದ ಆರಂಭದ ಒಂದು ಶನಿವಾರದ ಸಭೆಯಲ್ಲಿ ಅದನ್ನೇ ನುಡಿಸಬೇಕೆಂದು ಕೇಳಿಕೊಂಡರು.

ಆ ವಾರದ ಬುಧವಾರ ತಟ್ಟೆಯಕ್ಕ ಆ ಪ್ರತಿಯನ್ನು ಪರೀಕ್ಷೆಗೆಂದು ಹಾಕಿದರು. ಹಿಂದೆ ಇಳಿಸುವಾಗ ಕಣ್ಣು ಮುಳ್ಳಿನ ಮೇಲಿತ್ತು, ಕಿವಿ ಕರಕರ ಸದ್ದಿನ ಮೇಲಿತ್ತು. ಈ ಸಲ ಸುಮ್ಮನೆ ಕೂತು ಕೇಳಿದರು. ಮತ್ತೆ ಮೊದಲಿನಿಂದ ಹಾಕಿದರು.

“ಹದಿನೇಳು ವರ್ಷ ಮಿಷನ್ ತುಳಿದ ಕಾಲು ನಂದು. ಸುಸ್ತಾದೋರ ಕಾಲು ಹಿಮ್ಮಡಿ ಊರುತ್ತೆ, ದಪ್ಪ ಸದ್ದು. ಖುಷಿಯಾಗಿರೋರು ಮುಂಗಾಲಲ್ಲಿ ತುಳೀತಾರೆ, ಚುರುಕು ಸದ್ದು. ಇಲ್ಲಿ ಸದ್ದು ಮುಂಗಾಲಿಂದು, ನಡಿಗೆ ಮಾತ್ರ ಸುಸ್ತಾದೋರದು. ಅದು ಹ್ಯಾಗೆ ಸಾಧ್ಯ?”

ಡ್ರಾಯರಿನಲ್ಲಿ ಹಿರಿಯ ತಂತ್ರಜ್ಞರು ಬಿಟ್ಟುಹೋದ ಪಟ್ಟೆಪಟ್ಟೆಯ ರಟ್ಟಿನ ಬಿಲ್ಲೆಯೊಂದಿದೆ. ತಿರುಗುವ ಯಂತ್ರದ ಮೇಲಿಟ್ಟು ಪುಟ್ಟ ದೀಪ ಹಿಡಿದರೆ, ವೇಗ ಸರಿಯಿದ್ದಾಗ ಪಟ್ಟೆಗಳು ನಿಂತಂತೆ ಕಾಣುತ್ತವೆ. ಅಂದು ಪಟ್ಟೆಗಳು ಹಿಂದಕ್ಕೆ ಓಡುತ್ತಿದ್ದವು. ಯಂತ್ರ ತಿರುಗಿಸುವ ರಬ್ಬರ್ ಪಟ್ಟಿ ಸಡಿಲಗೊಂಡು ತಟ್ಟೆ ನಿಧಾನವಾಗಿ ತಿರುಗುತ್ತಿತ್ತು; ಹಾಗಾದರೆ ಹಾಡೂ ಎಳೆಯುತ್ತದೆ, ದನಿಯೂ ತಗ್ಗುತ್ತದೆ. ಎಷ್ಟು ದಿನದಿಂದ? ಹಳೆಯ ಪ್ರತಿಗಳನ್ನು ಒಂದೊಂದಾಗಿ ತುಸು ತುಸು ಕೇಳುತ್ತ ಹೋದರು. ಎರಡು ತಿಂಗಳು. ಇನ್ನೂರ ಹದಿನಾಲ್ಕು ತಟ್ಟೆ. ತಿಂಗಳಿಗೊಮ್ಮೆ ಬಿಲ್ಲೆ ಇಟ್ಟು ನೋಡಬೇಕೆಂದು ಹಿರಿಯರು ಹೇಳಿದ್ದನ್ನು ತಟ್ಟೆಯಕ್ಕನೇ ಮರೆತಿದ್ದರು.

ಹೊಸ ಪಟ್ಟಿ ಹಾಕಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲಿನವರ ರುಜು ಬೀಳಬೇಕಿದ್ದದ್ದೂ ಅದೇ ತಿಂಗಳು. ಅಂದು ಸಂಜೆ ಅನ್ನ ಕಲಸಿ ಹಾಗೇ ಬಿಟ್ಟ ಸೊಸೆಯ ಬಾಯಿ ಬಿಡಿಸಿದ ಅತ್ತೆ ಒಂದೇ ಮಾತು ಕೇಳಿದರಂತೆ: “ಶೆಡ್ಡಲ್ಲಿ ಹೊಲಿಗೆ ತಪ್ಪಿದ್ರೆ ಏನ್ಮಾಡ್ತಿದ್ದೆ?”

“ಬಿಚ್ಚಿ ಹೊಲೀತಿದ್ದೆ.”

“ಮತ್ತೆ? ಊಟ ಮಾಡು.”

ಮರುದಿನ ಗ್ರಂಥಪಾಲಕಿಯ ಮುಂದೆ ನಿಂತು ಎಲ್ಲ ಹೇಳಿದರು. ಕಂಪ್ಯೂಟರಿನಲ್ಲೇ ವೇಗ ಏರಿಸಬಾರದೇ ಎಂದು ಗ್ರಂಥಪಾಲಕಿ ಕೇಳಿದರು. ಸಡಿಲ ಪಟ್ಟಿ ಒಂದೇ ಸಮ ನಿಧಾನವಾಗಿ ಓಡುವುದಿಲ್ಲ, ಅಲ್ಲಲ್ಲಿ ತಡವರಿಸುತ್ತದೆ, ಎಲ್ಲವನ್ನೂ ಮತ್ತೆ ನುಡಿಸಲೇಬೇಕು ಎಂದು ತಟ್ಟೆಯಕ್ಕ ವಿವರಿಸಿದರು. “ಕಚೇರಿ ಹೊತ್ತು ಬೇಡ ಮೇಡಂ. ಬೆಳಗ್ಗೆ ನನ್ನ ಹೊತ್ತಲ್ಲಿ ಮಾಡ್ತೀನಿ.” ರುಜು ಹಾಕಬೇಕಾದವರಿಗೆ ಗ್ರಂಥಪಾಲಕಿ ಎರಡೇ ಸಾಲು ಬರೆದರು: ಈ ತಪ್ಪನ್ನು ಕಂಡುಹಿಡಿದವರೂ ಇವರೇ, ಹೇಳಿದವರೂ ಇವರೇ, ಇಂಥವರನ್ನು ನಾವು ಎಲ್ಲಿಂದ ತರೋಣ? ರುಜು ಬಿತ್ತು.

ಉಳಿದದ್ದು ಮೇಷ್ಟ್ರು. ನಲವತ್ತು ಜನರೆದುರು ಅವರ ಮುಖ ಸಣ್ಣದಾಗಬಾರದೆಂದು ತಟ್ಟೆಯಕ್ಕ ಶನಿವಾರ ಒಂದು ಗಂಟೆ ಮೊದಲೇ ಅವರನ್ನು ನೆಲಮಾಳಿಗೆಗೆ ಕರೆದರು. “ಮೇಷ್ಟ್ರೇ, ತಪ್ಪು ನಂದು. ಬೈಯೋದಿದ್ರೆ ಕೇಳಿದ ಮೇಲೆ ಬೈರಿ” ಎಂದು ಹೊಸ ಪಟ್ಟಿ ಹಾಕಿದ ಯಂತ್ರದ ಮೇಲೆ ತಟ್ಟೆ ಬಿಟ್ಟರು. ಪಿಯಾನೋದ ಎಡಗೈ ಉರುಳತೊಡಗಿತು. ಹಲಗೆಯ ಮೇಲೆ ಕಾಲು ಕುಣಿಯಿತು. ದನಿ ಮೇಲಕ್ಕೇರಿತು. ಅದು ಗಂಡಸಿನದಲ್ಲ, ಹೆಂಗಸಿನದು. ಬಳಲಿದವಳಲ್ಲ, ಮೈತುಂಬ ಖುಷಿಯಿದ್ದವಳು.

ಮೇಷ್ಟ್ರು ಮೂರು ಸಲ ಕೇಳಿದರು. ಬೈಯಲಿಲ್ಲ. ಮೇಲೆ ಹೋಗಿ ಲೇಖನವನ್ನು ಮಡಿಸಿ ಜೇಬಿಗಿಟ್ಟು, ಸಭೆಗೆ ತಟ್ಟೆಯನ್ನೇ ಕೇಳಿಸಿದರು. ಡ್ರಮ್ ಅಂಗಡಿಯವರು ಮೀಸೆ ತಿರುವಿ ಎದ್ದರು: “ನಾನು ಹೇಳಿರಲಿಲ್ವಾ! ಕರೆಂಟಿಗೆ ಮುಂಚೇನೇ ಓಟ ಇತ್ತು!”

“ಕೂತ್ಕೊಳಯ್ಯ. ನೀನು ಗೆದ್ದಿಲ್ಲ, ನಾನು ಸೋತಿದೀನಿ ಅಷ್ಟೆ. ಗೆದ್ದೋರು ಅಲ್ಲಿ ಬಾಗಿಲ ಹತ್ರ ನಿಂತಿದಾರೆ” ಎಂದ ಮೇಷ್ಟ್ರು, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ತಟ್ಟೆಯಕ್ಕನ ಮುಂದಿಟ್ಟರು. ಹನ್ನೊಂದು ವರ್ಷದಲ್ಲಿ ಆ ಸಭಾಂಗಣದ ಕುರ್ಚಿಗಳನ್ನು ಸಾವಿರ ಸಲ ಒರೆಸಿದ್ದರೂ, ಅವುಗಳಲ್ಲಿ ತಟ್ಟೆಯಕ್ಕ ಕೂತದ್ದು ಅದೇ ಮೊದಲು.

ಅಂದಿನಿಂದ ದಿನಕ್ಕೆ ಮೂರರಂತೆ ನೂರ ಎಪ್ಪತ್ಮೂರು ತಟ್ಟೆ ಮತ್ತೆ ಇಳಿದಿವೆ. ಇನ್ನು ನಲವತ್ತೊಂದು ಬಾಕಿ. ಹಾಡು ಓಡುವಷ್ಟು ಹೊತ್ತು ಕಾವಲುಗಾರ ನೀರಿನ ಪಂಪು ಹಾಕುವುದಿಲ್ಲ, ಯಾರೂ ಹೇಳಿದ್ದಲ್ಲ. ವಾದವೂ ನಿಂತಿಲ್ಲ. ಓಟ ಚಪ್ಪಾಳೆಯಿಂದ ಬಂತೋ, ಎಡಗೈಯಿಂದ ಬಂತೋ ಎಂದು ಇಬ್ಬರೂ ಹೊಸದಾಗಿ ಕಚ್ಚಾಡುತ್ತಿದ್ದಾರೆ. ಆದರೆ ಈಗ ಯಾವ ಹಾಡು ಎತ್ತಿಕೊಂಡರೂ ಮೊದಲು ಮೆಟ್ಟಿಲ ಕಡೆ ತಿರುಗಿ ಕೇಳುತ್ತಾರೆ: “ಅಕ್ಕಾ, ವೇಗ ಸರಿ ಇದೆಯಾ?”

“ಎಲ್ಲಿಂದ ಶುರುವಾಯ್ತು ಅನ್ನೋದನ್ನ ಓದಿದೋರು ತೀರ್ಮಾನ ಮಾಡ್ಲಿ” ಎನ್ನುತ್ತಾರೆ ತಟ್ಟೆಯಕ್ಕ. “ಅವಳು ಕುಣೀತಾ ಹಾಡಿದ್ಲು. ಅಷ್ಟು ನಂಗೆ ಗೊತ್ತು.” ಆ ತಟ್ಟೆಯ ಹಳೆಯ ಕಾರ್ಡಿನಲ್ಲಿ ‘ಗಾಯಕ: ತಿಳಿಯದು’ ಎಂದಿತ್ತು. ಅದನ್ನು ತೆಗೆದು ಗುಂಡಗಿನ ಅಕ್ಷರದಲ್ಲಿ ‘ಗಾಯಕಿ’ ಎಂದು ಬರೆದಿದ್ದಾರೆ. ಮುಂದಿನದು ಬರಿ ಗೆರೆ.

“ತಿಳಿಯದು ಅಂತ ಬರೆಯೋಕೆ ಮನಸ್ಸು ಬರ್ಲಿಲ್ಲ. ಎಲ್ಲೋ ಯಾರಿಗೋ ತಿಳಿದಿರುತ್ತೆ. ಅವರು ಬಂದು ಹೇಳಿದ ದಿನ ಬರೆಯೋಣ ಅಂತ ಜಾಗ ಬಿಟ್ಟಿದೀನಿ.”