ತುಮಕೂರಿನಲ್ಲಿ ರತ್ನಳ ಐದನೇ ಕ್ಲಾಸು

ತುಮಕೂರಿನಲ್ಲಿ ಬಾಯಾರಿಕೆಗೂ ವೇಳೆ ಗೊತ್ತು ಮಾಡಿದ್ದಾರೆ. ಹನ್ನೊಂದು ನಲವತ್ತಕ್ಕೆ. ನನ್ನ ತಂಗಿ ರತ್ನಳಿಗೆ ಶಾಲೆ ಸೇರಿದ ಮೊದಲನೆಯ ದಿನವೇ ಹನ್ನೊಂದೂಕಾಲಿಗೆ ಬಾಯಾರಿತು. ಎದ್ದಳು, ಬಾಗಿಲು ದಾಟಿದಳು, ನಲ್ಲಿಗೆ ಬೊಗಸೆಯೊಡ್ಡಿ ಕುಡಿದಳು, ಲಂಗಕ್ಕೆ ಕೈ ಒರೆಸಿಕೊಂಡು ವಾಪಸು ಬಂದಳು. ಮುಂದಿನ ಎರಡು ಪೀರಿಯಡ್ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದರು.

"ಕೇಳ್ಕೊಂಡ್ ಹೋಗ್ಬೇಕಿತ್ತು ಕಣೇ" ಎಂದೆ ನಾನು, ಸಂಜೆ.

"ಯಾರ್ನ? ನಲ್ಲೀನಾ?" ಎಂದಳು.

ಅವಳಿಗೆ ಆಗ ಹತ್ತು ವರ್ಷ. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿ ಇಬ್ಬರಲ್ಲಿ ಒಬ್ಬ ನಾನು. ಇದನ್ನು ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ವರ್ಷದ ಸಂಗತಿಯೆಂದು ನಮ್ಮ ಗುಬ್ಬಿ ಕಡೆಯವರಿಗಾಗಿ ಬರೆಯುತ್ತಿದ್ದೇನೆ. ಮಕ್ಕಳನ್ನು ಪೇಟೆಯ ಶಾಲೆಗೆ ಹಾಕಬೇಕೇ ಎಂದು ನೀವು ನನ್ನನ್ನು ಕೇಳುತ್ತಲೇ ಇರುತ್ತೀರಿ. ಉತ್ತರ ಹೇಳಲಾರೆ. ನಡೆದದ್ದನ್ನು ಹೇಳಬಲ್ಲೆ.

ನಮ್ಮ ಹಳ್ಳಿ ಹಾಗಲವಾಡಿಯಿಂದ ನಾಲ್ಕು ಮೈಲಿ ಒಳಗೆ. ಅಲ್ಲಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಮುಂದಕ್ಕೆ ಹಾಗಲವಾಡಿಯ ಮಿಡ್ಲ್ ಸ್ಕೂಲಿಗೆ ನಡೆಯಬೇಕು. ನಾನು ನಡೆದೆ, ಆಮೇಲೆ ಗುಬ್ಬಿಯಲ್ಲಿ ಹೈಸ್ಕೂಲು ಮುಗಿಸಿದೆ, ಆಮೇಲೆ ತುಮಕೂರು. ಹೆಣ್ಣುಮಗಳನ್ನು ಆ ದಾರಿಯಲ್ಲಿ ಕಳಿಸಲಾರೆ ಎಂದು ಅಪ್ಪ ಹಟ ಹಿಡಿದಾಗ, ಅವಳು ನನ್ನೊಡನೆ ತುಮಕೂರಿನಲ್ಲೇ ಓದಲಿ ಎಂದು ವಾದಿಸಿದವನು ನಾನೇ. ಮೂರು ದಿನ ವಾದಿಸಿದೆ. ನಾಲ್ಕನೆಯ ದಿನ ಅಪ್ಪ ಎತ್ತಿಗೆ ಹುಲ್ಲು ಹಾಕುತ್ತ, ನನ್ನ ಕಡೆ ತಿರುಗದೆ ಹೇಳಿದರು:

"ಕರ್ಕೊಂಡ್ ಹೋಗ್ಲಾ. ಒಂದ್ ವರ್ಸ. ಪಾಸಾದ್ರೆ ಓದ್ಲಿ. ಫೇಲಾದ್ರೆ ನಾನೇ ಬಂದು ಕರ್ಕೊಂಡ್ ಬತ್ತೀನಿ. ಆಮ್ಯಾಕೆ ನಿನ್ ಮಾತು ಕೇಳಾಕಿಲ್ಲ."

ಗೆದ್ದೆ ಎಂದುಕೊಂಡೆ. ನಾವಿಬ್ಬರೂ ಚಿಕ್ಕಮ್ಮನ ಮನೆಯಲ್ಲಿದ್ದೆವು. ಚಿಕ್ಕಮ್ಮ ಬೀದಿಯ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಒಂದು ಕೋಣೆ, ಒಂದು ನಡುಮನೆ, ಹಿತ್ತಿಲಲ್ಲಿ ನಾಲ್ಕು ಸಂಸಾರಗಳಿಗೆ ಒಂದೇ ನಲ್ಲಿ. ಶಾಲೆಯ ಪುಸ್ತಕದಲ್ಲಿ ರತ್ನಳ ಗಾರ್ಡಿಯನ್, ಅಂದರೆ ಅಪ್ಪನ ಬದಲಿಗೆ ಸಹಿ ಹಾಕುವವನು, ಎಂದು ನನ್ನ ಹೆಸರನ್ನೇ ಬರೆಸಿದ್ದೆ. ಬರೆಸುವಾಗ ಎದೆ ಉಬ್ಬಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ನಮ್ಮ ಹಳ್ಳಿಯ ಶಾಲೆಗೆ ವೇಳಾಪಟ್ಟಿ ಎಂಬುದಿರಲಿಲ್ಲ. ಇದ್ದವರು ಮೇಷ್ಟ್ರು. ಅವರು ಹಾಗಲವಾಡಿಯಿಂದ ಸೈಕಲ್ಲಿನಲ್ಲಿ ಬಂದು ಇಳಿದಾಗ ಶಾಲೆ ಶುರು, ಹತ್ತಿದಾಗ ಮುಗಿಯಿತು. ತುಮಕೂರಿನಲ್ಲಿ ದಿನಕ್ಕೆ ಎಂಟು ಪೀರಿಯಡ್, ಒಂದೊಂದಕ್ಕೆ ನಲವತ್ತು ನಿಮಿಷ. ಲೆಕ್ಕ ಅರ್ಧಕ್ಕೆ ನಿಂತಿದ್ದರೂ ಗಂಟೆ ಹೊಡೆದರೆ ಸಮಾಜ ಪರಿಚಯ. ರತ್ನಳಿಗೆ ಇದು ಕೊನೆಯವರೆಗೂ ವಿಚಿತ್ರವಾಗಿ ಕಂಡಿತು. "ಅಣ್ಣ, ಭಾಗಾಕಾರ ಮುಗ್ಸಕ್ಕೇ ಬಿಡಲ್ಲ, ಅಕ್ಬರ್ ಬಂದ್ಬುಡ್ತಾನೆ" ಎನ್ನುತ್ತಿದ್ದಳು.

ನನಗೆ ಮಾತ್ರ ಅದು ಹಿಡಿಸಿತ್ತು. ಚರ್ಚಾಸ್ಪರ್ಧೆಯಲ್ಲಿ ಪಳಗಿದವನು ಗಂಟೆಯನ್ನು ದ್ವೇಷಿಸುವುದು ಹೇಗೆ? ಐದು ನಿಮಿಷ, ಒಂದು ಎಚ್ಚರಿಕೆಯ ಗಂಟೆ, ಇನ್ನೊಂದು ಮುಕ್ತಾಯದ ಗಂಟೆ. ನಾನೂ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಆರರಿಂದ ಏಳು ಲೆಕ್ಕ, ಸಂಜೆ ಐದೂವರೆಯಿಂದ ಆರೂವರೆ ಇಂಗ್ಲಿಷು. ನಮ್ಮ ಕಡೆ ಐದನೇ ಕ್ಲಾಸಿಗೆ ಬಂದ ಮೇಲೆಯೇ ಎಬಿಸಿಡಿ. ಇಲ್ಲಿಯೂ ಪುಸ್ತಕದಲ್ಲಿ ಹಾಗೆಯೇ ಇದೆ. ಆದರೆ ಇಲ್ಲಿನ ಮಕ್ಕಳು ಅದನ್ನು ಮನೆಯಲ್ಲೇ ಕಲಿತು ಬಂದಿರುತ್ತಾರೆ, ಟೀಚರಿಗೂ ಅದು ಗೊತ್ತಿರುತ್ತದೆ, ಆದ್ದರಿಂದ ಯಾರೂ ಕಲಿಸುವುದಿಲ್ಲ. ಎಲ್ಲರೂ ಒಂದೇ ಗೆರೆಯಿಂದ ಓಡಬೇಕಾದ ಪಂದ್ಯದಲ್ಲಿ ಅರ್ಧ ಜನ ಆಗಲೇ ಅರ್ಧ ಮೈದಾನ ದಾಟಿದ್ದರು. ಈ ವಾಕ್ಯವನ್ನು ಮುಂದೆ ನಾನು ವೇದಿಕೆಯ ಮೇಲೂ ಹೇಳಿದೆ. ಚಪ್ಪಾಳೆ ಬಂತು.

ಪ್ರತಿ ತಿಂಗಳೂ ಟೆಸ್ಟು. ಟೆಸ್ಟಿನ ಮಾರನೆಯ ವಾರ ಬೆಂಚು ಬದಲಾವಣೆ. ಹೆಚ್ಚು ಅಂಕದವರು ಮುಂದೆ, ಕಡಿಮೆಯವರು ಹಿಂದೆ. ಪ್ರೊಗ್ರೆಸ್ ಕಾರ್ಡ್ ಎಂಬ ಹಳದಿ ರಟ್ಟಿನಲ್ಲಿ ಮೂವತ್ತೈದಕ್ಕೆ ಕಡಿಮೆ ಬಂದ ಅಂಕದ ಕೆಳಗೆ ಕೆಂಪು ಗೆರೆ. ಕೊನೆಯ ಸಾಲಿನಲ್ಲಿ ನಡತೆ. ಅದಕ್ಕೆ ಅಂಕವಿಲ್ಲ, ಎ, ಬಿ, ಸಿ, ಡಿ. ಜುಲೈಯಲ್ಲಿ ರತ್ನ ಕೊನೆಯ ಬೆಂಚಿನಲ್ಲಿದ್ದಳು. ಸೆಪ್ಟೆಂಬರಿನಲ್ಲಿ ನಡುವಿಗೆ ಬಂದಳು. ಲೆಕ್ಕ ಅವಳ ಕೈಲಿ ನೀರು ಹರಿದ ಹಾಗೆ ಹರಿಯುತ್ತಿತ್ತು. ಅಂಗಳದಲ್ಲಿ ಕಾಳು ಅಳೆಯುವುದನ್ನು ನೋಡಿ ಬೆಳೆದವಳು. ಸೇರು ಪಾವುಗಳನ್ನು ಬಾಯಲ್ಲೇ ಕೂಡಿಸುತ್ತಿದ್ದಳು. ಆ ತಿಂಗಳ ಕಾರ್ಡಿಗೆ ಸಹಿ ಹಾಕುವಾಗ ಚಿಕ್ಕಮ್ಮ ಹೊಲಿಗೆ ನಿಲ್ಲಿಸಿ ಬಂದು ನೋಡಿದರು. "ಕೆಂಪು ಕಮ್ಮಿ ಆಗೈತೆ ಕಣ್ಲಾ" ಎಂದರು. ನಮ್ಮ ವರ್ಷದ ಸಂತೋಷ ಅಷ್ಟೇ. ಆ ವಾಕ್ಯದ ಆಚೆ ಸಂತೋಷವಿಲ್ಲ.

ಅಕ್ಟೋಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ. ಲೆಕ್ಕದ ದಿನ ರತ್ನ ಎಲ್ಲವನ್ನೂ ಬೇಗ ಮುಗಿಸಿದಳು. ಮುಗಿಸಿ, ಹಾಳೆಯನ್ನು ಪಕ್ಕದ ಹುಡುಗಿಯ ಕಡೆ ತಿರುಗಿಸಿಟ್ಟು, ಬೆರಳಿಟ್ಟು ತೋರಿಸುತ್ತ, ಪಿಸುಗುಟ್ಟುತ್ತ, ಭಿನ್ನರಾಶಿ ಕೂಡುವುದನ್ನು ವಿವರಿಸತೊಡಗಿದಳು.

ಇದನ್ನು ಓದುತ್ತಿರುವ ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ನಮ್ಮ ಮೇಷ್ಟ್ರು ಒಬ್ಬರೇ, ತರಗತಿ ನಾಲ್ಕು. ಒಂದನೆಯವರಿಗೆ ಅಕ್ಷರ ತಿದ್ದಿಸುತ್ತಿರುವಾಗ ನಾಲ್ಕನೆಯವರನ್ನು ಯಾರು ನೋಡಬೇಕು? ಮೊದಲು ಮುಗಿಸಿದವರು ಸ್ಲೇಟನ್ನು ಪಕ್ಕದವರ ಕಡೆ ತಿರುಗಿಸಬೇಕು, ಅವರಿಗೆ ತಿಳಿಯುವವರೆಗೆ ಹೇಳಿಕೊಡಬೇಕು. ತಿರುಗಿಸದೆ ಕೂತವರಿಗೆ ಮೇಷ್ಟ್ರು "ಏನ್ಲೇ, ಕಲ್ತಿದ್ನ ಬಚ್ಚಿಟ್ಕೊಂಡಿದ್ದೀಯಾ?" ಎಂದು ಕಿವಿ ಹಿಂಡುತ್ತಿದ್ದರು. ನಾಲ್ಕು ವರ್ಷ ರತ್ನ ಆ ಶಾಲೆಯ ಅತ್ಯಂತ ಒಳ್ಳೆಯ ವಿದ್ಯಾರ್ಥಿನಿಯಾಗಿದ್ದಳು. ಪರೀಕ್ಷೆಯಲ್ಲಿ ಹಾಗೆ ಮಾಡಬಾರದೆಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಗೋಡೆಯ ಮೇಲಿನ ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಇಬ್ಬರು ಹುಡುಗಿಯರಿಗೂ ಲೆಕ್ಕದಲ್ಲಿ ಸೊನ್ನೆ. ನಡತೆ ಡಿ.

ಮಾರನೆಯ ದಿನ ನಾನು ಹೆಡ್‌ಮಿಸ್ಟ್ರೆಸ್ ಮುಂದೆ ನಿಂತೆ. ಐವತ್ತು ದಾಟಿದ ಹೆಂಗಸು, ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು.

"ಮೇಡಂ, ಕಾಪಿ ಹೊಡೆಯೋದು ಅಂದ್ರೆ ಬೇರೆಯವರದ್ದನ್ನ ನೋಡಿ ಬರೆಯೋದು. ನನ್ನ ತಂಗಿ ಯಾರದ್ದನ್ನ ನೋಡಿದ್ಲು?"

"ತೋರಿಸಿದ್ದಾಳಲ್ಲಪ್ಪ."

"ಕೊಟ್ಟವರಿಗೂ ಕದ್ದವರಿಗೂ ಒಂದೇ ಶಿಕ್ಷೇನಾ? ಪರೀಕ್ಷೆ ಅಳೀಬೇಕಾದ್ದು ಅವಳಿಗೆ ಲೆಕ್ಕ ಬರುತ್ತೋ ಇಲ್ವೋ ಅನ್ನೋದನ್ನ. ಬೇರೆಯವ್ರಿಗೆ ಹೇಳ್ಕೊಡೋಷ್ಟು ಬರುತ್ತೆ. ಅದಕ್ಕೆ ಸೊನ್ನೆ ಅಂದ್ರೆ ನಿಮ್ಮ ಅಳತೆಗೋಲೇ ತಪ್ಪು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಮಾತಿಗೆ ನನ್ನ ಹತ್ರ ಉತ್ತರ ಇಲ್ಲಪ್ಪ. ನೀನು ಹೇಳೋದು ಸರಿ ಅಂತಲೇ ಇಟ್ಕೋ. ರಿಜಿಸ್ಟರಿನಲ್ಲಿ ನಾನೇನು ಬರೀಲಿ?"

ಆಮೇಲೆ ಅವರೇ ದಾರಿ ಹೇಳಿದರು. ರತ್ನ ಒಂದು ಕ್ಷಮಾಪಣೆ ಪತ್ರ ಬರೆಯಲಿ. 'ತಪ್ಪೆಂದು ತಿಳಿದೂ ಮೋಸ ಮಾಡಿದ್ದೇನೆ' ಎಂದಿರಬೇಕು. ಗಾರ್ಡಿಯನ್ ಸಹಿ ಇರಬೇಕು. ಶನಿವಾರ ಹನ್ನೆರಡರೊಳಗೆ ತಲುಪಿದರೆ ಸೋಮವಾರ ಇನ್ನೊಮ್ಮೆ ಪರೀಕ್ಷೆ ಬರೆಸುತ್ತೇನೆ. ಇಲ್ಲದಿದ್ದರೆ ಸೊನ್ನೆಯೇ ನಿಲ್ಲುತ್ತದೆ. ಅರ್ಧವಾರ್ಷಿಕ, ವಾರ್ಷಿಕ ಎರಡನ್ನೂ ಕೂಡಿಸಿ ಅರ್ಧ ಮಾಡಿದಾಗ ಮೂವತ್ತೈದು ಬರಬೇಕು. ಅಂದರೆ ವಾರ್ಷಿಕದಲ್ಲಿ ಎಪ್ಪತ್ತು.

ರತ್ನ ಅಂದೇ ಬರೆದಳು. ದುಂಡಗೆ, ಒಂದೂ ಚಿತ್ತಿಲ್ಲದೆ. ಸಹಿಯ ಜಾಗದಲ್ಲಿ ಸ್ಕೇಲಿಟ್ಟು ಗೆರೆಯನ್ನೂ ಎಳೆದಿದ್ದಳು.

ನಾನು ಸಹಿ ಹಾಕಲಿಲ್ಲ.

"ತಪ್ಪು ಅಂತ ಗೊತ್ತಿತ್ತೇನೇ ನಿಂಗೆ?"

"ಇಲ್ಲ."

"ಮತ್ತೆ 'ತಿಳಿದೂ' ಅಂತ ಬರ್ದಿದ್ದೀಯ?"

"ಹಂಗ್ ಬರೀಬೇಕಂತೆ."

"ಸುಳ್ಳಿಗೆ ನಾನು ಸಹಿ ಹಾಕಲ್ಲ."

ಚಿಕ್ಕಮ್ಮ ಸೂಜಿಯನ್ನು ಬಾಯಿಂದ ತೆಗೆದು ಹೇಳಿದರು: "ಒಂದ್ ಗೆರೆ ಎಳ್ಯಕ್ಕೆ ಏನ್ಲಾ ನಿಂಗೆ ರೋಗ? ಸುಳ್ಳೋ ನಿಜವೋ, ಮಗು ಪಾಸಾಗ್ತದೆ."

"ಚಿಕ್ಕಮ್ಮ, ಇವತ್ತು ಇದಕ್ಕೆ ಒಪ್ಪಿದ್ರೆ ನಾಳೆ..."

"ನಾಳೆ ನಾಳೆಗಾಯ್ತು ಬುಡು. ಶನಿವಾರಕ್ಕೆ ಇನ್ನೆಷ್ಟ್ ದಿನ, ಅದ್ನ ಹೇಳು."

ಶನಿವಾರ ನಾನು ಕುಣಿಗಲ್‌ನಲ್ಲಿದ್ದೆ. ಅಂತರ ಕಾಲೇಜು ಚರ್ಚಾಸ್ಪರ್ಧೆ. ವಿಷಯ: ಪರೀಕ್ಷೆಯು ವಿದ್ಯಾರ್ಥಿಯ ಯೋಗ್ಯತೆಯನ್ನು ಅಳೆಯಬಲ್ಲದು. ನಾನು ವಿರೋಧದ ಪಕ್ಷ. ರತ್ನಳ ಪತ್ರ ನನ್ನ ಟಿಪ್ಪಣಿ ಪುಸ್ತಕದ ನಡುವೆ ಮಡಿಸಿದಂತೆಯೇ ಇತ್ತು. ವೇದಿಕೆಯ ಮೇಲೆ ಅದನ್ನು ಬಿಚ್ಚಿ, ಎತ್ತಿ ಹಿಡಿದು, ಓದಿದೆ. ಒಂದು ಹತ್ತು ವರ್ಷದ ಹುಡುಗಿ, ಹೆಸರು ಬೇಡ, ಹಂಚಿಕೊಂಡ ಅಪರಾಧಕ್ಕೆ ಸೊನ್ನೆ. ಸಭೆ ಮೇಜು ಗುದ್ದಿತು. ತೀರ್ಪುಗಾರರಲ್ಲೊಬ್ಬರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ, ಮರದ ಹಲಗೆಗೆ ತಗಡು ಹೊಡೆದ ಶೀಲ್ಡು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ನಾನು ಸುಖಿಯಾಗಿದ್ದೆ. ಆ ಸುಖವನ್ನು ನೆನೆದರೆ ಈಗಲೂ ನನಗೆ ಹೇಸಿಗೆ.

ರತ್ನ ಶೀಲ್ಡನ್ನು ಎರಡು ಕಡೆಯೂ ತಿರುಗಿಸಿ ನೋಡಿದಳು. "ಏನ್ ಹೇಳಿ ಗೆದ್ದೆ?"

"ನಿನ್ನ ವಿಷಯ ಕಣೇ. ನಿನ್ನದೇನೂ ತಪ್ಪಿಲ್ಲ ಅಂದೆ. ಎಲ್ರೂ ಒಪ್ಪಿದ್ರು."

"ನಮ್ ಟೀಚರ್ ಬಂದಿದ್ರಾ?"

"ಇಲ್ಲ."

"ಓ" ಎಂದು ಅದನ್ನು ನನಗೇ ಕೊಟ್ಟುಬಿಟ್ಟಳು.

ಸೋಮವಾರ ಬೆಳಿಗ್ಗೆ ನನಗೆ ಬುದ್ಧಿ ಬಂತು. ಅಥವಾ ಹೆದರಿಕೆ. ಪತ್ರಕ್ಕೆ ಸಹಿ ಹಾಕಿ, ಶಾಲೆ ತೆರೆಯುವ ಮೊದಲೇ ಗೇಟಿನಲ್ಲಿ ನಿಂತೆ. ಹೆಡ್‌ಮಿಸ್ಟ್ರೆಸ್ ಪತ್ರವನ್ನು ಪೂರ್ತಿ ಓದಿದರು. ನನಗೇ ವಾಪಸು ಕೊಟ್ಟರು.

"ಶನಿವಾರ ಹನ್ನೆರಡು ಅಂದಿದ್ದೆನಪ್ಪ. ಇನ್ನೊಂದು ಹುಡುಗಿ ಅಪ್ಪ ಶುಕ್ರವಾರವೇ ಕೊಟ್ಟು ಹೋದರು. ಅವಳು ಇವತ್ತು ಮೊದಲನೇ ಪೀರಿಯಡ್‌ನಲ್ಲೇ ಬರೀತಾಳೆ. ನಿನಗೊಂದು ನ್ಯಾಯ, ಅವರಿಗೊಂದು ಮಾಡಲಾ? ನೀನೇ ಹೇಳು, ನೀನು ವಾದ ಮಾಡೋನು."

ಪತ್ರವನ್ನು ಮತ್ತೆ ಮಡಿಸಿದೆ. ಕೊನೆಗೆ ಆದದ್ದು ಇಷ್ಟು: ಲೆಕ್ಕ ಬಾರದ ಹುಡುಗಿ ಎರಡನೆಯ ಸಲ ಬರೆದಳು, ಲೆಕ್ಕ ಬರುವವಳು ಅದೇ ಹೊತ್ತಿಗೆ ಅಂಗಳದಲ್ಲಿ ಡ್ರಿಲ್ ಮಾಡುತ್ತಿದ್ದಳು. ಶಾಲೆಯನ್ನು ದೂರಬಹುದು, ದೂರಿದ್ದೇನೆ, ಈಗಲೂ ದೂರುತ್ತೇನೆ. ಆದರೆ ಬಾಗಿಲು ತೆರೆದೇ ಇತ್ತು, ಶನಿವಾರ ಹನ್ನೆರಡರವರೆಗೆ. ಅಡ್ಡ ನಿಂತವನು ನಾನು.

ನವೆಂಬರಿನಿಂದ ಮಾರ್ಚಿನವರೆಗೆ ರತ್ನ ಎಪ್ಪತ್ತಕ್ಕಾಗಿ ಬದುಕಿದಳು. ಊಟ ಮಾಡುವಾಗ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಲೆಕ್ಕ ಮಾಡುತ್ತಿದ್ದಳು. ಹಳ್ಳಿಯಲ್ಲಿ ಲೆಕ್ಕ ಮಾಡುತ್ತ ನಗುತ್ತಿದ್ದವಳು ಈಗ ಒಂದೊಂದು ಉತ್ತರವನ್ನೂ ಮೂರು ಸಲ ತಿರುವಿ ನೋಡುತ್ತಿದ್ದಳು, ಮೂರನೆಯ ಸಲ ಸರಿಯಾದದ್ದನ್ನು ಹೊಡೆದುಹಾಕುತ್ತಿದ್ದಳು. ಕ್ಲಾಸಿನಲ್ಲಿ ಅವಳ ಪಕ್ಕ ಕೂರಲು ಹುಡುಗಿಯರನ್ನು ಅವರ ಮನೆಯವರು ಬಿಡುತ್ತಿರಲಿಲ್ಲ. ನಡತೆ ಡಿ.

ವಾರ್ಷಿಕದಲ್ಲಿ ಅವಳಿಗೆ ಲೆಕ್ಕಕ್ಕೆ ಬಂದದ್ದು ಅರವತ್ತೊಂದು. ಯಾರ ಕಾರ್ಡಿನಲ್ಲಿದ್ದರೂ ಒಳ್ಳೆಯ ಅಂಕ. ಸೊನ್ನೆಗೆ ಕೂಡಿಸಿ ಅರ್ಧ ಮಾಡಿದರೆ ಮೂವತ್ತೂವರೆ. ಕೆಳಗೆ ಕೆಂಪು ಗೆರೆ. ಉಳಿದ ಎಲ್ಲದರಲ್ಲಿ, ಇಂಗ್ಲಿಷಿನಲ್ಲಿ ಕೂಡ, ಪಾಸಾಗಿದ್ದಳು.

ಅಪ್ಪ ಹೇಳಿದ ಹಾಗೆ ತಾವೇ ಬಂದರು. ಬೈಯಲಿಲ್ಲ. ಚಿಕ್ಕಮ್ಮ ಕೊಟ್ಟ ಮಜ್ಜಿಗೆ ಕುಡಿದು, ಗೂಡಿನಲ್ಲಿದ್ದ ಶೀಲ್ಡನ್ನು ನೋಡಿ ಕೇಳಿದರು, "ಇದೇನಾ ನೀನ್ ಗೆದ್ದಿದ್ದು?"

"ಹೂಂ."

"ಮಾತಾಡಿ?"

"ಹೂಂ ಅಪ್ಪ."

"ಗಟ್ಟಿಯಾಗೈತೆ" ಎಂದು ಬೆರಳಿನಿಂದ ತಟ್ಟಿ ನೋಡಿ, ರತ್ನಳ ಬಟ್ಟೆಯ ಗಂಟನ್ನು ಎತ್ತಿಕೊಂಡರು.

ಶಾಲೆ ಬಿಟ್ಟ ಪತ್ರ ತರಲು ನಾನೊಬ್ಬನೇ ಹೋದೆ. ಅದರಲ್ಲಿ ಹೆಡ್‌ಮಿಸ್ಟ್ರೆಸ್ ತಮ್ಮ ಕೈಯಾರೆ ಬರೆದಿದ್ದರು: ನಡತೆ, ಉತ್ತಮ. ನಾನು ಆ ಪದವನ್ನೇ ನೋಡುತ್ತ ನಿಂತಾಗ ಅವರು ಹೇಳಿದರು, "ಬಿಟ್ಟು ಹೋಗೋರಿಗೆ ಎಲ್ರಿಗೂ ಹಾಗೇ ಬರೀತೀವಪ್ಪ." ಅದು ಕರುಣೆಯೋ ರೂಢಿಯೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಯಾವುದಿದ್ದರೂ ಉಪಯೋಗವಿರಲಿಲ್ಲ.

ಬೇಸಗೆ ರಜೆಯಲ್ಲಿ ಪತ್ರ ಹಿಡಿದು ಹಳ್ಳಿಗೆ ಹೋದೆ. ಇದನ್ನು ತೋರಿಸಿದರೆ ಹಾಗಲವಾಡಿಯ ಶಾಲೆಯಲ್ಲಿ ಮತ್ತೆ ಐದಕ್ಕೆ ಸೇರಿಸಿಕೊಳ್ಳುತ್ತಾರೆ ಎಂದೆ.

"ಕಳ್ಸಾಕಿಲ್ಲ ಅಂತ ಅವತ್ತೇ ಹೇಳಿದ್ನಲ್ಲ" ಎಂದರು ಅಪ್ಪ.

ನನ್ನ ಬಾಯಲ್ಲಿ ಮೂರು ವಾದಗಳು ಸಾಲಾಗಿ ನಿಂತಿದ್ದವು. ಬಾಗಿಲ ಬಳಿ ರಾಗಿ ಕೇರುತ್ತಿದ್ದ ರತ್ನ ಮೊರವನ್ನು ಕೆಳಗಿಟ್ಟಳು.

"ಅಣ್ಣ, ಮಾತಾಡ್ಬೇಡ" ಎಂದಳು. "ನೀನ್ ಮಾತಾಡ್ಬೇಡ ಕಣಣ್ಣ."

ಸುಮ್ಮನಾದೆ. ನನ್ನ ಜನ್ಮದಲ್ಲಿ ಮೊದಲನೆಯ ಸಲ. ಆ ಮೌನ ನೋಡಿಯಾದರೂ ಅಪ್ಪ ಕರಗಬಹುದೆಂದು ಕಾದೆ. ಅಪ್ಪ ಪತ್ರವನ್ನು ಮಡಿಸಿ ಟ್ರಂಕಿಗೆ ಹಾಕಿ ಹೊಲದ ಕಡೆ ಹೋದರು. ನನ್ನ ಮಾತಿನಿಂದ ಅವಳಿಗೆ ಕೆಡುಕಾಯಿತು, ಮೌನದಿಂದ ಒಳ್ಳೆಯದಾಗಲಿಲ್ಲ.

ಈಗ ನಾನು ತುಮಕೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಇಲ್ಲಿ ನನ್ನನ್ನು ಹಾಗಲವಾಡಿ ಕಡೆಯ ಹುಡುಗ ಎನ್ನುತ್ತಾರೆ. ಇಲ್ಲಿನ ಗಂಟೆಗಳಿಗೆ ಮಾತ್ರ ನನ್ನ ಮೈ ಹೊಂದಿಕೊಂಡುಬಿಟ್ಟಿದೆ. ಊರಿಗೆ ಹೋದರೂ ಹನ್ನೊಂದು ನಲವತ್ತಕ್ಕೆ ಏನೋ ಹೊಡೆಯಬೇಕಿತ್ತಲ್ಲ ಎಂದು ಕಾಯುತ್ತೇನೆ. ಊರಿನಲ್ಲಿ ಕಾಗದ ಪತ್ರ ಓದಿಸಲು ಜನ ನನ್ನ ಹತ್ತಿರ ಬರುತ್ತಾರೆ, ಓದಿಸಿಕೊಂಡು, ನಾನು ಅಭಿಪ್ರಾಯ ಹೇಳುವ ಮೊದಲೇ ಎದ್ದು ಹೋಗುತ್ತಾರೆ.

ಹೋದ ಯುಗಾದಿಗೆ ಹೋದಾಗ ನಡುಮನೆಯಲ್ಲಿ ಕೂತಿದ್ದೆ. ನಮ್ಮ ಮನೆಯಲ್ಲಿ ಎಲ್ಲರೂ ಹಿತ್ತಾಳೆ ಲೋಟದಲ್ಲಿ ಕಾಫಿ ಕುಡಿಯುತ್ತಾರೆ. ನೆಂಟರಿಗೆಂದು ಎರಡು ಸ್ಟೀಲ್ ಲೋಟಗಳಿವೆ, ಕಪಾಟಿನ ಮೇಲಿನ ಅರೆಯಲ್ಲಿ. ರತ್ನ ಸ್ಟೂಲು ಹಾಕಿಕೊಂಡು ಒಂದನ್ನು ಇಳಿಸಿದಳು, ಸೆರಗಿನಿಂದ ಒರೆಸಿದಳು. ಅವಳಿಗೀಗ ಸೆರಗಿದೆ. ಕಾಫಿ ತುಂಬಿ, ತಟ್ಟೆಯ ಮೇಲಿಟ್ಟು, ನನ್ನ ಮುಂದೆ ತಂದಿಟ್ಟಳು. "ಬಿಸಿ ಐತೆ" ಎಂದು ಹೇಳಿ ಒಳಗೆ ಹೋದಳು.